ಪದ್ಯ ಸಿಕ್ಕಿತು, ಅನ್ನ ಸಿಗಲಿಲ್ಲ

ಇವತ್ತು ಒಂದು ಕುದುರೆಪಡೆಯ ಕಥೆ ಹೇಳ್ತೀನಿ. ಬ್ರಿಟನ್ನಿನ 17ನೇ ಲ್ಯಾನ್ಸರ್ಸ್. 1759ರಲ್ಲಿ ಕಟ್ಟಿದ ಲಘು ಅಶ್ವದಳ. ಟೋಪಿಯ ಮೇಲೆ ತಲೆಬುರುಡೆ, ಅದರ ಕೆಳಗೆ ಎರಡೇ ಪದ: 'ಇಲ್ಲವೇ ಕೀರ್ತಿ'. ಅಂದ್ರೆ, ಸಾವು, ಇಲ್ಲವೇ ಕೀರ್ತಿ!

1854ರ ಅಕ್ಟೋಬರ್ 25. ಕ್ರೈಮಿಯಾದ ಬಾಲಕ್ಲಾವಾ. ಗುಡ್ಡದ ಮೇಲಿದ್ದ ಸೇನಾಪತಿ ಲಾರ್ಡ್ ರಾಗ್ಲನ್ ಒಂದು ಚೀಟಿ ಕಳಿಸಿದ. ಶತ್ರುಗಳು ತೋಪು ಸಾಗಿಸದಂತೆ ತಡೀರಿ ಅಂತ. ಯಾವ ತೋಪು? ಚೀಟಿಯಲ್ಲಿ ಸ್ಪಷ್ಟವಿಲ್ಲ. ಗುಡ್ಡದಿಂದ ಕಂಡದ್ದು ಕೆಳಗಿದ್ದವರಿಗೆ ಕಾಣ್ತಿರ್ಲಿಲ್ಲ. ಮೂರೂ ಕಡೆ ರಷ್ಯನ್ನರ ತೋಪುಗಳಿದ್ದ ಕಣಿವೆಗೆ ಸುಮಾರು 670 ಸವಾರರು ನುಗ್ಗಿದರು. ಮೊದಲ ಸಾಲಿನಲ್ಲೇ 17ನೇ ಲ್ಯಾನ್ಸರ್ಸ್. ನೂರಕ್ಕೂ ಹೆಚ್ಚು ಜನ ಸತ್ತರು. ತಪ್ಪು ನಿಂದು, ನಂದಲ್ಲ ಅಂತ ಲಾರ್ಡ್‌ಗಳು ಕಿತ್ತಾಡಿದರು. ಅದೇ ವರ್ಷ ಟೆನಿಸನ್ ಪದ್ಯ ಬರೆದ. ಇಡೀ ದೇಶ ಬಾಯಿಪಾಠ ಮಾಡ್ತು.

ಮುಂದೇನಾಯ್ತು ಗೊತ್ತಾ? 1890ರ ಹೊತ್ತಿಗೆ ಬದುಕುಳಿದವರಲ್ಲಿ ಹಲವರು ತುತ್ತು ಅನ್ನಕ್ಕೂ ಪರದಾಡ್ತಿದ್ರು. ಅವರಿಗಾಗಿ ಚಂದಾ ಎತ್ತಬೇಕಾಯ್ತು! ಆ ನಿಧಿಗಾಗಿ ಇದೇ ದಳದ ಕಹಳೆಗಾರ ಲ್ಯಾನ್‌ಫ್ರೀಡ್, ಎಡಿಸನ್ನನ ಫೋನೋಗ್ರಾಫ್ ಮುಂದೆ ನಿಂತು ದಾಳಿಯ ಕಹಳೆ ಊದಿದ. ಆ ದನಿ ಇವತ್ತಿಗೂ ಉಳಿದಿದೆ. ನಾನು ಕೇಳಿದ್ದೇನೆ. ಗರಗರ ಸದ್ದಿನ ನಡುವೆ ಸಣ್ಣಗೆ ಕೇಳುತ್ತೆ.

ಸೈನಿಕನಿಗೆ ಜೈಕಾರ ಹಾಕೋಣ, ಬೇಡ ಅನ್ನಲ್ಲ. ಆದ್ರೆ ಜೊತೆಗೇ ಎರಡು ಮಾತು ಕೇಳೋಣ. ಅವನನ್ನು ಅಲ್ಲಿಗೆ ಕಳಿಸಿದ ಆದೇಶ ಸರಿಯಿತ್ತಾ? ಬದುಕಿ ಬಂದವನ ಮನೆಯಲ್ಲಿ ಒಲೆ ಉರೀತಿದೆಯಾ?