ಕೀಲುನೋವಿಗೆ ಜೀನ್ ಚಿಕಿತ್ಸೆ ಬಂದಿದೆಯಾ?



ಮಂಡಿನೋವಿಗೆ ಜೀನ್ ಇಂಜೆಕ್ಷನ್ ಬಂದಿದೆಯಂತೆ, ಒಂದು ಸಲ ಹಾಕಿಸಿದರೆ ಸಾಕಂತೆ. ಇಂಥ ಮಾತು ನೀವೂ ಕೇಳಿರಬಹುದು. ಅದು ಎಷ್ಟು ನಿಜ? ಇವತ್ತು ಅದನ್ನೇ ನೋಡೋಣ.

ಜೀನ್ ಅಂದರೇನು? ಮಗುವನ್ನು ನೋಡಿ "ಮೂಗು ಅಪ್ಪಂದು, ಕಣ್ಣು ಅಮ್ಮಂದು" ಅಂತೀವಲ್ಲ, ಆ ಗುಣಗಳನ್ನು ಹೊತ್ತು ತರುವುದೇ ಜೀನ್. ಪುಸ್ತಕದಲ್ಲಿ ವಂಶವಾಹಿ ಎಂದು ಬರೆಯುತ್ತಾರೆ. ಜೀನಿನಲ್ಲಿ ತಪ್ಪಿದ್ದರೆ ತಿದ್ದುವುದು, ಇಲ್ಲವೇ ಬೇಕಾದ ಜೀನನ್ನು ಮೈಯೊಳಗೆ ಸೇರಿಸುವುದು ಜೀನ್ ಚಿಕಿತ್ಸೆ.

ವಯಸ್ಸಾದಂತೆ ಮಂಡಿ ಸವೆಯುತ್ತದೆ. ಅದಕ್ಕೆಂದು ದಕ್ಷಿಣ ಕೊರಿಯಾ ದೇಶ 2017ರಲ್ಲಿ ಒಂದು ಜೀನ್ ಇಂಜೆಕ್ಷನ್ನಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಒಪ್ಪಿಗೆ ವಾಪಸ್ ಪಡೆಯಿತು. ಜೀನ್ ಹೊತ್ತ ಕಣ ಕೀಲಿನ ಮೆದು ಎಲುಬಿನದು ಎಂದು ಬರೆದುಕೊಟ್ಟಿದ್ದರು. ನೋಡಿದರೆ ಅದು ಕಿಡ್ನಿಯ ಕಣ! ನಮ್ಮ ದೇಶದಲ್ಲಿ ಮಂಡಿ ಸವೆತಕ್ಕೆ ಸರ್ಕಾರ ಒಪ್ಪಿದ ಜೀನ್ ಇಂಜೆಕ್ಷನ್ ಇಲ್ಲ. ಯಾರಾದರೂ ಹಾಕುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಆದರೆ ನಮ್ಮ ಗೂಡಲೂರು, ಮಸಿನಗುಡಿ ಕಡೆ ಇನ್ನೊಂದು ಕೀಲುನೋವು ಇದೆ. ಅದು ಸವೆತದಿಂದ ಬರುವುದಲ್ಲ. ಹುಟ್ಟಿನಿಂದಲೇ ರಕ್ತದಲ್ಲಿ ಇರುತ್ತದೆ. ಹೆಸರು ಸಿಕಲ್ ಸೆಲ್. ಪಣಿಯ, ಇರುಳ, ಕುರುಂಬ ಬಂಧುಗಳಲ್ಲಿ ಹೆಚ್ಚು. ಭಾರತದಲ್ಲಿ ಈ ಕಾಯಿಲೆಯ ಗುರುತು ಮೊದಲು ಸಿಕ್ಕಿದ್ದು 1952ರಲ್ಲಿ. ಸಿಕ್ಕಿದ ಜಾಗಗಳಲ್ಲಿ ನಮ್ಮ ನೀಲಗಿರಿಯೂ ಒಂದು.

ರಕ್ತದ ಕೆಂಪು ಕಣ ದುಂಡಗಿರಬೇಕು. ಇಲ್ಲಿ ಅದು ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆಗೆ ರಕ್ತ ಹೋಗುವುದಿಲ್ಲ. ಆಗ ಕೈಕಾಲು, ಬೆನ್ನು, ಕೀಲುಗಳಲ್ಲಿ ತಡೆಯಲಾರದ ನೋವು. ಕೂಸುಗಳ ಕೈ, ಪಾದ ಊದಿಕೊಳ್ಳುತ್ತವೆ. ಕೆಲವರಿಗೆ ಹರೆಯದಲ್ಲೇ ತೊಡೆಮೂಳೆಯ ಗುಂಡು ಸತ್ತು ಕುಂಟುವಂತಾಗುತ್ತದೆ. ಮನೆಯವರು ವಾಯು ಎಂದು ಎಣ್ಣೆ ತಿಕ್ಕುತ್ತಾರೆ. ಶಾಲೆಗೆ ಹೋಗದ ಮಗುವನ್ನು ಸೋಮಾರಿ ಅಂತ ಬೈತಾರೆ. ಪಾಪ, ಅದಕ್ಕೆ ನೋವು ಹೇಳಲೂ ಬರುವುದಿಲ್ಲ.

ಈ ಕಾಯಿಲೆಗೆ ಜೀನ್ ಚಿಕಿತ್ಸೆ ನಿಜವಾಗಿಯೂ ಬಂದಿದೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ರಕ್ತ ಹುಟ್ಟಿಸುವ ಮೂಲ ಕಣಗಳನ್ನು ರೋಗಿಯಿಂದ ತೆಗೆದು, ಲ್ಯಾಬಿನಲ್ಲಿ ಜೀನನ್ನು ತಿದ್ದಿ, ಮತ್ತೆ ಅವರಿಗೇ ಏರಿಸುತ್ತಾರೆ. ಅದಕ್ಕೆ ಮುಂಚೆ ಮೈಯಲ್ಲಿ ಉಳಿದ ಹಳೆ ಕಣಗಳನ್ನು ಕಠಿಣ ಔಷಧಿಯಿಂದ ಅಳಿಸಬೇಕು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಅಂದರೆ 18 ಕೋಟಿ ರೂಪಾಯಿಗೂ ಹೆಚ್ಚು! ನಮ್ಮ ದೆಹಲಿಯ ವಿಜ್ಞಾನಿಗಳು ಕಡಿಮೆ ಖರ್ಚಿನದನ್ನು ತಯಾರಿಸಿದ್ದಾರೆ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಪ್ರಕಟಿಸಿತು. ಬಿರ್ಸಾ ಮುಂಡಾ ಅವರ ನೆನಪಿಗೆ 'ಬಿರ್ಸಾ 101' ಎಂದು ಹೆಸರಿಟ್ಟರು. ಪ್ರಕಟವಾದ ಮಾತ್ರಕ್ಕೆ ಚಿಕಿತ್ಸೆ ಊರಿನ ಆಸ್ಪತ್ರೆಗೆ ಬಂದಂತಲ್ಲ. ರೋಗಿಗಳಲ್ಲಿ ಪರೀಕ್ಷೆ ಮಾಡಿ, ಸಾಬೀತಾಗಬೇಕು. ಇನ್ನೊಂದು ವಿಷಯ. ಸತ್ತ ಮೂಳೆಯನ್ನು ಜೀನ್ ಚಿಕಿತ್ಸೆ ಬದುಕಿಸುವುದಿಲ್ಲ. ಕೀಲು ಹಾಳಾಗುವ ಮುಂಚೆಯೇ ಕಾಯಿಲೆ ಗೊತ್ತಾಗಬೇಕು.

ಅಲ್ಲಿತನಕ ಏನು ಮಾಡುವುದು? ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಇದೆ. ಡಾಕ್ಟರು ಹೇಳಿದಂತೆ ದಿನಾ ತಗೊಂಡರೆ ನೋವು ಬರುವುದು ಕಡಿಮೆಯಾಗುತ್ತದೆ. ನೀರು ಚೆನ್ನಾಗಿ ಕುಡಿಯಬೇಕು. ನಮ್ಮ ಬೆಟ್ಟದ ಚಳಿ ಇವರಿಗೆ ಆಗದು, ಬೆಚ್ಚಗಿರಬೇಕು. ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಇದರ ಪರೀಕ್ಷೆಯೂ ಚಿಕಿತ್ಸೆಯೂ ಇದೆ. 2023ರ ಜುಲೈ 1ರಂದು ಶುರುವಾದ ಕೇಂದ್ರ ಯೋಜನೆಯಲ್ಲಿ 40 ವರ್ಷದೊಳಗಿನವರ ರಕ್ತ ಪರೀಕ್ಷೆ ನಡೆಯುತ್ತದೆ. ಚೀಟಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ನೋಡಿ. ಎಸ್ ಎಸ್ ಎಂದಿದ್ದರೆ ಕಾಯಿಲೆ ಇದೆ. ಎ ಎಸ್ ಎಂದಿದ್ದರೆ ಕಾಯಿಲೆ ಇಲ್ಲ, ಆದರೆ ಮಕ್ಕಳಿಗೆ ದಾಟಬಹುದು. ಗಂಡ ಹೆಂಡತಿ ಇಬ್ಬರೂ ಎ ಎಸ್ ಆಗಿದ್ದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಪ್ಪು ಜೀನ್ ಇಬ್ಬರಿಂದಲೂ ಬಂದಿರುತ್ತದೆ. ತಾಯೊಬ್ಬಳನ್ನೇ ದೂರುವವರಿಗೆ ಆ ಎರಡೂ ಚೀಟಿ ತೋರಿಸಿ.