ಚಿನ್ನ, ಪಚ್ಚೆ, ವಜ್ರ: ವಿಹಾರದ ಹಡಗಿನಲ್ಲಿ ಪದವಿಯ ಲೆಕ್ಕ

ಮದುವೆಯ ಮನೆಯ ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ನಮ್ಮಲ್ಲಿ ಬಹು ಹಳೆಯ ಪ್ರಶ್ನೆ. ವಯಸ್ಸು ನೋಡಬೇಕೇ, ನೆಂಟಸ್ತಿಕೆ ನೋಡಬೇಕೇ, ವಿದ್ಯೆ ನೋಡಬೇಕೇ, ಅಧಿಕಾರ ನೋಡಬೇಕೇ? ಯಾವುದನ್ನು ನೋಡಿದರೂ ಒಬ್ಬರಲ್ಲ ಒಬ್ಬರಿಗೆ ಮುನಿಸು ತಪ್ಪದು. ಸಾವಿರಾರು ಜನರನ್ನು ಹೊತ್ತು ಸಮುದ್ರ ವಿಹಾರಕ್ಕೆ ಹೊರಡುವ ದೊಡ್ಡ ಹಡಗುಗಳ ಯಜಮಾನರಿಗೂ ಇದೇ ಪ್ರಶ್ನೆ ಬಂದಿತು. ಅವರು ವಯಸ್ಸನ್ನೂ ನೋಡಲಿಲ್ಲ, ವಿದ್ಯೆಯನ್ನೂ ನೋಡಲಿಲ್ಲ. “ನಮ್ಮ ಹಡಗಿನಲ್ಲಿ ನೀವು ಎಷ್ಟು ರಾತ್ರಿ ಮಲಗಿದ್ದೀರಿ?” ಎಂದು ಕೇಳಿದರು. ಆ ರಾತ್ರಿಗಳಿಗೆ ಅಂಕ ಕೊಟ್ಟರು. ಅಂಕಗಳಿಗೆ ಚಿನ್ನ, ಪಚ್ಚೆ, ವಜ್ರ ಎಂದು ಹೆಸರಿಟ್ಟರು. ಈ ಪದವಿಗಳ ಲೆಕ್ಕ ಹೇಗೆ, ಅದರಲ್ಲಿ ಲಾಭವೆಷ್ಟು, ಮೋಹವೆಷ್ಟು ಎಂಬುದನ್ನು ಈಗ ಸ್ವಲ್ಪ ನೋಡೋಣ.

ನಮಗೇಕೆ ಈ ಮಾತು ಎಂದು ತಾವು ಕೇಳಬಹುದು. ಕಾರಣ ಉಂಟು. ಅಮೆರಿಕದಲ್ಲಿ ನೆಲೆಸಿರುವ ಮಗನೋ ಮಗಳೋ ತಂದೆತಾಯಿಗಳನ್ನು ಕರೆಸಿಕೊಂಡು, ಫ್ಲಾರಿಡಾದ ಬಂದರಿನಿಂದ ಒಂದು ವಾರದ ಹಡಗಿನ ಯಾತ್ರೆ ಮಾಡಿಸುವುದು ಈಗ ಅಪರೂಪವಲ್ಲ. ಚಳಿಗಾಲದಲ್ಲಿ ನಮ್ಮ ನವಮಂಗಳೂರು ಬಂದರಿಗೇ ವಿದೇಶದ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ಅದರ ಪ್ರವಾಸಿಗರು ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ವಿಹಾರಯಾತ್ರೆ ಮಾಡಿ ಬಂದವರೂ ನಮ್ಮ ಪಟ್ಟಣಗಳಲ್ಲಿ ಇದ್ದಾರೆ. ಹಾಗೆ ಒಮ್ಮೆ ಹಡಗು ಹತ್ತಿ ಇಳಿದವರ ಮನೆಗೆ “ನೀವು ಈಗ ನಮ್ಮ ಸದಸ್ಯರು, ಮುಂದಿನ ಮೆಟ್ಟಿಲಿಗೆ ಇನ್ನಿಷ್ಟೇ ಅಂಕ ಸಾಕು” ಎಂಬ ಕಾಗದ ಬರುತ್ತದೆ. ಆ ಕಾಗದವನ್ನು ಓದುವ ಬಗೆ ತಿಳಿದಿದ್ದರೆ ಒಳ್ಳೆಯದು.

ಈ ಪದ್ಧತಿಯ ಹಿರಿಯಣ್ಣ ವಿಮಾನದ ಕಂಪೆನಿಗಳದು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಖಾಯಂ ಪ್ರಯಾಣಿಕರಿಗೆ ಹಾರಿದ ಮೈಲಿಗಳ ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. ವಿಮಾನದಲ್ಲಿ ಮೈಲಿ ಇದ್ದಂತೆ ಹಡಗಿನಲ್ಲಿ ರಾತ್ರಿ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ವಿಮಾನದ ಪದವಿ ಬಹುಮಟ್ಟಿಗೆ ವರ್ಷದ ಪದವಿ. ಈ ವರ್ಷ ಹಾರದಿದ್ದರೆ ಮುಂದಿನ ವರ್ಷ ಇಳಿಯಿತು. ಹಡಗಿನ ಅನೇಕ ಕಂಪೆನಿಗಳಲ್ಲಿ ರಾತ್ರಿಗಳು ಜೀವಮಾನವಿಡೀ ಕೂಡುತ್ತಲೇ ಹೋಗುವ ಪದ್ಧತಿ ಬೆಳೆಯಿತು. ಹೀಗಾಗಿ ನಿವೃತ್ತಿಯ ವಯಸ್ಸಿನವರಿಗೆ ಇದರಲ್ಲಿ ಅಕ್ಕರೆ ಹೆಚ್ಚು. ಗಳಿಸಿದ್ದು ಕರಗುವುದಿಲ್ಲವೆಂಬ ನಂಬಿಕೆ ಮುಪ್ಪಿನಲ್ಲಿ ಬಲು ಹಿತವಾದದ್ದು.

ಮೊದಲು ಸರಳವಾದ ಲೆಕ್ಕವನ್ನು ತೆಗೆದುಕೊಳ್ಳೋಣ. ರಾಯಲ್ ಕೆರಿಬಿಯನ್ ಎಂಬ ಕಂಪೆನಿಯ ಸಂಘಕ್ಕೆ ‘ಕ್ರೌನ್ ಅಂಡ್ ಆಂಕರ್’, ಎಂದರೆ ಕಿರೀಟ ಮತ್ತು ಲಂಗರು, ಎಂದು ಹೆಸರು. 2024ರಲ್ಲಿದ್ದ ನಿಯಮವನ್ನು ಹೇಳುತ್ತೇನೆ. ಸಾಮಾನ್ಯ ಕೊಠಡಿಯಲ್ಲಿ ಒಂದು ರಾತ್ರಿಗೆ ಒಂದು ಅಂಕ. ಭಾನುವಾರ ಸಂಜೆ ಹೊರಟು ಮುಂದಿನ ಭಾನುವಾರ ಬೆಳಗ್ಗೆ ಇಳಿದರೆ ಪಂಚಾಂಗದಲ್ಲಿ ಎಂಟು ದಿನಗಳಾಗಬಹುದು. ಅಂಕ ಮಾತ್ರ ಏಳೇ, ಏಕೆಂದರೆ ಕಳೆದ ರಾತ್ರಿಗಳು ಏಳು. 30 ಅಂಕಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್ ಎಂಬ ಶಿಖರ. ಅಂಕವನ್ನು ತಲೆಗೆ ಎಣಿಸುತ್ತಾರೆ, ಕೊಠಡಿಗೆ ಅಲ್ಲ. ಗಂಡಹೆಂಡಿರು ಒಂದೇ ಕೊಠಡಿಯಲ್ಲಿ ಏಳು ರಾತ್ರಿ ಇದ್ದರೆ ಇಬ್ಬರಿಗೂ ಏಳೇಳು.

ಮೆಟ್ಟಿಲುಗಳ ನಡುವಣ ಅಂತರವನ್ನು ಗಮನಿಸಿರಿ. ಮೊದಮೊದಲು ಇಪ್ಪತ್ತೈದು ಇಪ್ಪತ್ತೈದು ಅಂಕಗಳ ಹಗುರವಾದ ಮೆಟ್ಟಿಲು. ಆಮೇಲೆ 95 ಅಂಕಗಳ ಏರು. ಕೊನೆಯದು 525 ಅಂಕಗಳ ಕಡಿದಾದ ಬೆಟ್ಟ. ವರ್ಷಕ್ಕೆ ಎರಡು ವಾರ ಹಡಗಿನಲ್ಲಿ ಕಳೆಯುವ ಅನುಕೂಲಸ್ಥ ಮನುಷ್ಯನಿಗೆ ವರ್ಷಕ್ಕೆ 14 ಅಂಕ. ಅವನು ಆರನೆಯ ವರ್ಷದಲ್ಲಿ ಡೈಮಂಡ್ ಆಗುತ್ತಾನೆ. ಹದಿಮೂರನೆಯ ವರ್ಷದಲ್ಲಿ ಡೈಮಂಡ್ ಪ್ಲಸ್. ಪಿನಾಕಲ್ ಆಗುವುದಕ್ಕೆ ಭರ್ತಿ ಐವತ್ತು ವರ್ಷ! ನಲವತ್ತನೆಯ ವಯಸ್ಸಿನಲ್ಲಿ ಆರಂಭಿಸಿದರೆ ತೊಂಬತ್ತಕ್ಕೆ ಶಿಖರ. ಆಗ ಹಡಗಿನ ಮೆಟ್ಟಿಲು ಹತ್ತುವ ಮೊಣಕಾಲು ಇರಬೇಕಷ್ಟೆ.

ಐವತ್ತು ವರ್ಷ ಕಾಯುವ ತಾಳ್ಮೆ ಎಲ್ಲರಿಗೂ ಇರದು. ಅದಕ್ಕಾಗಿ ಹತ್ತಿರದ ದಾರಿಗಳನ್ನೂ ಇಟ್ಟಿದ್ದಾರೆ. ಸೂಟ್ ಎಂದು ಕರೆಯುವ ದೊಡ್ಡ ಕೊಠಡಿ ಹಿಡಿದವರಿಗೆ ಇದೇ ಕಂಪೆನಿಯಲ್ಲಿ ರಾತ್ರಿಗೆ ಎರಡು ಅಂಕ. ಸಾಮಾನ್ಯ ಕೊಠಡಿಯನ್ನು ಒಬ್ಬರೇ ಹಿಡಿದು, ಖಾಲಿ ಹಾಸಿಗೆಯ ದರವನ್ನೂ ತೆತ್ತವರಿಗೂ ಎರಡು ಅಂಕ. ಒಬ್ಬರೇ ಸೂಟಿನಲ್ಲಿ ಇದ್ದರೆ ಮೂರು. ಒಂಟಿಯಾಗಿ ಬಂದವರಿಗೆ ಈ ಹೆಚ್ಚಿನ ಅಂಕ ಕರುಣೆಯಿಂದ ಕೊಟ್ಟದ್ದಲ್ಲ. ಹಡಗಿನ ಕೊಠಡಿಯ ದರವನ್ನು ಇಬ್ಬರ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಒಬ್ಬರೇ ಬಂದರೆ ಹೆಚ್ಚುಕಡಿಮೆ ಇಬ್ಬರ ಹಣವನ್ನೇ ಕೊಡಬೇಕಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡು, ಹಿಂದೆ ಇಬ್ಬರೂ ಹೋಗುತ್ತಿದ್ದ ಯಾತ್ರೆಗೆ ಈಗ ಒಬ್ಬರೇ ಹೋಗುವ ವೃದ್ಧರಿಗೆ ಇದು ಎಷ್ಟು ಭಾರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಭಾರದ ಎದುರು ಒಂದು ಅಂಕ ಹೆಚ್ಚು ಬಂದದ್ದು ಸಣ್ಣ ಸಮಾಧಾನವೇ ಸರಿ.

ಎಲ್ಲ ಕಂಪೆನಿಗಳೂ ರಾತ್ರಿಯನ್ನೇ ಎಣಿಸುವುದಿಲ್ಲ. ಪ್ರಿನ್ಸೆಸ್ ಎಂಬ ಕಂಪೆನಿಯಲ್ಲಿ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಂಡು ಬಂದರು: ಯಾತ್ರೆಗಳ ಸಂಖ್ಯೆ ಒಂದು, ದಿನಗಳ ಸಂಖ್ಯೆ ಇನ್ನೊಂದು, ಯಾವುದು ಮೊದಲು ತುಂಬಿತೋ ಅದೇ ಲೆಕ್ಕ. 2024ರ ಕ್ರಮದಂತೆ ಮೂರು ಯಾತ್ರೆ ಅಥವಾ 30 ದಿನ ಮುಗಿಸಿದವರಿಗೆ ರೂಬಿ, ಐದು ಯಾತ್ರೆ ಅಥವಾ 50 ದಿನಕ್ಕೆ ಪ್ಲಾಟಿನಂ, ಹದಿನೈದು ಯಾತ್ರೆ ಅಥವಾ 150 ದಿನಕ್ಕೆ ಎಲೀಟ್. ಇದರ ಸ್ವಾರಸ್ಯ ನೋಡಿರಿ. ನಾಲ್ಕು ನಾಲ್ಕು ದಿನಗಳ ಸಣ್ಣ ಯಾತ್ರೆಗಳನ್ನು ಹದಿನೈದು ಸಲ ಮಾಡಿದವನು 60 ದಿನಗಳಲ್ಲೇ ಎಲೀಟ್ ಆಗುತ್ತಾನೆ. ಒಂದೊಂದು ಸಲವೂ ಹದಿನಾಲ್ಕು ದಿನ ಹೋಗುವವನು ಹತ್ತು ಯಾತ್ರೆ ಮಾಡಿ 140 ದಿನ ಕಳೆದರೂ ಇನ್ನೂ ಹೊಸಲಿನ ಹೊರಗೇ ನಿಂತಿರುತ್ತಾನೆ. ಕಡಮೆ ದಿನ ಇದ್ದವನು ಒಳಗೆ, ಹೆಚ್ಚು ದಿನ ಇದ್ದವನು ಹೊರಗೆ. ನಿಯಮ ತಿಳಿದವನಿಗೂ ತಿಳಿಯದವನಿಗೂ ಇರುವ ಅಂತರ ಇಷ್ಟು.

ಮೂರನೆಯ ಬಗೆ ಸೆಲೆಬ್ರಿಟಿ ಎಂಬ ಕಂಪೆನಿಯದು. ಇಲ್ಲಿ ರಾತ್ರಿಯೇ ಅಳತೆ. ಆದರೆ ಎಲ್ಲರ ರಾತ್ರಿಯೂ ಸಮವಲ್ಲ. 2024ರ ನಿಯಮದಲ್ಲಿ ಕಿಟಕಿಯಿಲ್ಲದ ಒಳಗಿನ ಕೊಠಡಿಯವರಿಗೆ ರಾತ್ರಿಗೆ 2 ಅಂಕ, ಬಾಲ್ಕನಿ ಇದ್ದವರಿಗೆ 3, ಎಲ್ಲಕ್ಕಿಂತ ದೊಡ್ಡ ಪೆಂಟ್‌ಹೌಸ್ ಸೂಟಿನವರಿಗೆ 18. ಎಲೀಟ್ ಪದವಿಗೆ 300 ಅಂಕ ಬೇಕು. ಒಳಕೊಠಡಿಯವನು ಅದಕ್ಕೆ 150 ರಾತ್ರಿ ಕಳೆಯಬೇಕು. ಬಾಲ್ಕನಿಯವನು 100 ರಾತ್ರಿ. ಪೆಂಟ್‌ಹೌಸಿನ ಧಣಿಗೆ 17 ರಾತ್ರಿ ಸಾಕು. ಅತ್ಯುನ್ನತವಾದ ಜೆನಿತ್ ಪದವಿಗೆ 3000 ಅಂಕ. ಒಳಕೊಠಡಿಯ ಲೆಕ್ಕದಲ್ಲಿ ಅದು 1500 ರಾತ್ರಿ, ಎಂದರೆ ನಾಲ್ಕು ವರ್ಷಕ್ಕೂ ಮಿಕ್ಕಿ ನೆಲ ಮುಟ್ಟದೆ ನೀರಿನ ಮೇಲಿರುವುದು.

ನಾಲ್ಕನೆಯದು ಹಾಲೆಂಡ್ ಅಮೆರಿಕ ಕಂಪೆನಿಯ ಕ್ರಮ. ಇಲ್ಲಿ ಪದವಿಗಳಿಗೆ ರತ್ನದ ಹೆಸರಿಲ್ಲ, ನಕ್ಷತ್ರದ ಎಣಿಕೆ. 30 ದಿನಕ್ಕೆ ಎರಡು ನಕ್ಷತ್ರ, 75ಕ್ಕೆ ಮೂರು, 200ಕ್ಕೆ ನಾಲ್ಕು, 500ಕ್ಕೆ ಐದು. ಆದರೆ ಈ ‘ದಿನ’ ಎಂಬುದು ಸೂರ್ಯ ಹುಟ್ಟಿ ಮುಳುಗುವ ದಿನವೇ ಆಗಬೇಕಾಗಿಲ್ಲ. ಹಡಗಿನಲ್ಲಿ 300 ಡಾಲರ್ ಖರ್ಚು ಮಾಡಿದರೆ ಅದನ್ನೂ ಒಂದು ದಿನವೆಂದು ಬರೆದುಕೊಳ್ಳುವ ಏರ್ಪಾಡು ಅಲ್ಲಿತ್ತು. ಏಳು ದಿನದ ಯಾತ್ರೆಯಲ್ಲಿ 600 ಡಾಲರಿನ ಸಾಮಾನು ಕೊಂಡರೆ ಒಂಬತ್ತು ದಿನ ಇದ್ದ ಹಾಗೆ! ಆದರೆ ಅದೇ ಕಂಪೆನಿ 100, 300, 500, 700 ದಿನ ಮುಟ್ಟಿದವರಿಗೆ ಕೊಡುವ ಪದಕಗಳಿಗೆ ಮಾತ್ರ ನಿಜವಾಗಿ ಹಡಗಿನಲ್ಲಿ ಕಳೆದ ದಿನಗಳನ್ನೇ ಎಣಿಸಿತು. ಕೊಂಡ ದಿನ ಬೇರೆ, ಬಾಳಿದ ದಿನ ಬೇರೆ ಎಂಬ ವಿವೇಕವನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡರು.

ಇನ್ನು, ಈ ಪದವಿಗಳಿಂದ ಸಿಗುವುದಾದರೂ ಏನು? ಹಡಗು ಹತ್ತುವಾಗ ಮುಂದಿನ ಸಾಲು, ದಿನಕ್ಕೆ ಒಂದಷ್ಟು ಪಾನೀಯ, ಇಂಟರ್‌ನೆಟ್ಟಿನ ದರದಲ್ಲಿ ರಿಯಾಯಿತಿ, ಹಳೆಯ ಪ್ರಯಾಣಿಕರಿಗೆಂದೇ ಏರ್ಪಡಿಸಿದ ಸಂತೋಷಕೂಟ, ಮೇಲಿನ ಪದವಿಯವರಿಗೆ ಬಟ್ಟೆ ಒಗೆಸುವ ಸೌಕರ್ಯ. ಮೂರು ವಾರದ ಯಾತ್ರೆಯಲ್ಲಿ ಪುಕ್ಕಟೆಯಾಗಿ ಬಟ್ಟೆ ಮಡಿಯಾಗಿ ಬರುವುದು ಸಣ್ಣ ಸುಖವಲ್ಲ. ಆದರೆ ಈ ಸುಖಗಳಿಗೆ ಬೆಲೆ ಕಟ್ಟಿ ನೋಡುವವರು ಕಡಮೆ.

ಒಂದು ಊಹೆಯ ಲೆಕ್ಕ ಮಾಡೋಣ. ಒಂದು ವಾರಕ್ಕೆ ಸಾಮಾನ್ಯ ಕೊಠಡಿಗೆ ತಲೆಗೆ 1000 ಡಾಲರ್, ಸೂಟಿಗೆ 2500 ಡಾಲರ್ ಎಂದಿಟ್ಟುಕೊಳ್ಳಿ. ಸೂಟ್ ಹಿಡಿದರೆ 7 ಅಂಕ ಹೆಚ್ಚು ಬರುತ್ತದೆ. ಅದಕ್ಕೆ ಕೊಟ್ಟದ್ದು 1500 ಡಾಲರ್ ಹೆಚ್ಚು. ಆದರೆ ಅದೇ 7 ಅಂಕವನ್ನು 1000 ಡಾಲರಿಗೆ ಇನ್ನೊಂದು ವಾರದ ಯಾತ್ರೆ ಮಾಡಿಯೂ ಪಡೆಯಬಹುದು. ಜೊತೆಗೆ ಆ ವಾರದ ಊಟ, ನಿದ್ರೆ, ಸಮುದ್ರದ ಗಾಳಿ ಎಲ್ಲವೂ ಲಾಭ. ದೊಡ್ಡ ಕೊಠಡಿಯ ಸೌಕರ್ಯ ಬೇಕೆಂದು ಸೂಟ್ ಹಿಡಿದರೆ ಅದು ಅವರವರ ಇಷ್ಟ. ಅಂಕಕ್ಕಾಗಿ ಹಿಡಿದರೆ ಮಾತ್ರ ಅದು ಮೂಗಿಗೆ ಸವರಿದ ತುಪ್ಪಕ್ಕೆ ಆಸೆಪಟ್ಟ ಹಾಗೆ.

ಇನ್ನೊಂದು ಸಂಗತಿಯುಂಟು. ಅಂಕ ಹಡಗಿಗೆ ಅಂಟಿದ್ದಲ್ಲ, ಕಂಪೆನಿಗೆ ಅಂಟಿದ್ದು. ಮುಂಬಯಿಯಿಂದ 2021ರಲ್ಲಿ ಕಾರ್ಡೀಲಿಯಾ ಕಂಪೆನಿಯ ಹೆಸರಿನಲ್ಲಿ ಹೊರಟ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು. ಅದಕ್ಕೆ ಮೊದಲು ರಾಯಲ್ ಕೆರಿಬಿಯನ್ನಿನ ಒಡೆತನದಲ್ಲಿತ್ತು. ಅದೇ ಹಡಗಿನ ಅದೇ ಕೊಠಡಿಯಲ್ಲಿ ಹಿಂದೆ ಕಳೆದ ರಾತ್ರಿ ಹಳೆಯ ಖಾತೆಗೆ ಸೇರಿತು. ಒಡೆತನ ಬದಲಾದ ಮೇಲೆ ಕಳೆದ ರಾತ್ರಿ ಸೇರುವುದಿಲ್ಲ. ಒಂದೇ ಒಡೆತನದ ಸೋದರ ಕಂಪೆನಿಗಳು ಒಬ್ಬರ ಪದವಿಯನ್ನು ಇನ್ನೊಬ್ಬರು ಮನ್ನಿಸುವುದುಂಟು. 2024ರಲ್ಲಿ ರಾಯಲ್ ಕೆರಿಬಿಯನ್ ಮತ್ತು ಸೆಲೆಬ್ರಿಟಿಗಳು ಹಾಗೆ ಮಾಡಿದವು. ಹೊರಗಿನವರ ಪದವಿಗೂ ಸರಿಸಮಾನ ಮಾನ ಕೊಟ್ಟು ಗಿರಾಕಿಗಳನ್ನು ಸೆಳೆದುಕೊಂಡ ಎಂ.ಎಸ್.ಸಿ. ಕಂಪೆನಿಯಲ್ಲಿ ಮೂರು ವರ್ಷ ಯಾತ್ರೆ ಮಾಡದೆ ಇದ್ದರೆ ಗಳಿಸಿದ್ದು ಕರಗಿಹೋಗುವ ನಿಯಮವಿತ್ತು. ಕೊಟ್ಟ ಕೈಯೇ ಹಿಂದಕ್ಕೂ ತೆಗೆದುಕೊಳ್ಳಬಹುದು.

ಈಗ ನಿಜವಾಗಿ ನೋಯುವ ಭಾಗಕ್ಕೆ ಬರೋಣ. ಜೀವಮಾನವಿಡೀ ಕೂಡುವ ಪದವಿಗೆ ಒಂದು ಸಹಜವಾದ ತೊಡಕುಂಟು. ವರ್ಷ ವರ್ಷವೂ ಮೇಲೆ ಹತ್ತುವವರು ಇದ್ದಾರೆಯೇ ಹೊರತು ಕೆಳಗಿಳಿಯುವವರಿಲ್ಲ. ಕೊನೆಗೆ ಮುಂದಿನ ಸಾಲೇ ಉದ್ದವಾಗಿ, ಹಿಂದಿನ ಸಾಲು ಬರಿದಾಗುತ್ತದೆ. ಎಲ್ಲರೂ ಅಗ್ರಪಂಕ್ತಿಯಲ್ಲಿ ಕುಳಿತರೆ ಅಗ್ರವೆಂಬುದಕ್ಕೆ ಅರ್ಥವೇನು? ಕಾರ್ನಿವಲ್ ಕಂಪೆನಿಯಲ್ಲಿ ದಿನಕ್ಕೊಂದು ಅಂಕದ ಸರಳ ಲೆಕ್ಕವಿತ್ತು: 25ಕ್ಕೆ ಗೋಲ್ಡ್, 75ಕ್ಕೆ ಪ್ಲಾಟಿನಂ, 200ಕ್ಕೆ ಡೈಮಂಡ್. 2025ರ ಜೂನ್ ತಿಂಗಳಲ್ಲಿ ಆ ಕಂಪೆನಿ, 2026ರಿಂದ ಈ ದಿನಗಳ ಲೆಕ್ಕವನ್ನು ಬಿಟ್ಟು, ಎರಡು ವರ್ಷದ ಅವಧಿಯಲ್ಲಿ ಪ್ರಯಾಣಿಕನು ಮಾಡಿದ ಖರ್ಚನ್ನು ಎಣಿಸುವುದಾಗಿ ಪ್ರಕಟಿಸಿತು. ವಿಮಾನದ ಕಂಪೆನಿಗಳು ಮೊದಲೇ ಈ ದಾರಿ ಹಿಡಿದಿದ್ದವು. 2023ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಕಂಪೆನಿ ಖರ್ಚೊಂದನ್ನೇ ಎಣಿಸುವುದಾಗಿ ಹೇಳಿ, ಪ್ರಯಾಣಿಕರ ಆಕ್ಷೇಪ ಜೋರಾದಾಗ ಮುಂದಿನ ತಿಂಗಳೇ ತನ್ನ ನಿಯಮವನ್ನು ಅಷ್ಟಿಷ್ಟು ಸಡಿಲಿಸಬೇಕಾಯಿತು.

ಕಂಪೆನಿಯ ಕಡೆಯಿಂದ ನೋಡಿದರೆ ಇದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಉಪಚಾರ, ಇದು ವ್ಯಾಪಾರದ ನೀತಿ. ಆದರೆ ಪಿಂಚಣಿಯ ಹಣದಲ್ಲಿ ಉಳಿಸಿ, ಒಳಕೊಠಡಿಯಲ್ಲೇ ಮಲಗಿ, ಇಪ್ಪತ್ತು ವರ್ಷ ಒಂದೇ ಕಂಪೆನಿಯನ್ನು ನೆಚ್ಚಿದ ದಂಪತಿಗಳ ಕಡೆಯಿಂದ ನೋಡಿರಿ. ಅವರಲ್ಲಿ ಹಣ ಕಡಮೆ ಇತ್ತು. ಕೊಡಲಿಕ್ಕಿದ್ದದ್ದು ನಿಷ್ಠೆ ಮತ್ತು ಕಾಲ. ಅದನ್ನೇ ಅಳತೆಗೋಲೆಂದು ಒಪ್ಪಿಸಿ, ಅವರು ತುಂಬಿಸಿ ಕೊಟ್ಟ ಮೇಲೆ ಅಳತೆಗೋಲನ್ನು ಬದಲಿಸಿದರೆ ಮನಸ್ಸಿಗೆ ಕಸಿವಿಸಿ ಆಗದೆ ಇರುವುದೇ? ಇಂಥ ಯೋಜನೆಗಳ ನಿಯಮಾವಳಿಯ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, “ಯಾವಾಗ ಬೇಕಾದರೂ ಬದಲಿಸುವ ಹಕ್ಕು ನಮ್ಮದು” ಎಂಬ ಅರ್ಥದ ಮಾತೊಂದು ಇದ್ದೇ ಇರುತ್ತದೆ. ದೊಡ್ಡ ಅಕ್ಷರದ ಹೊಗಳಿಕೆಯನ್ನು ಓದಿದವರು ಆ ಸಣ್ಣಕ್ಷರವನ್ನೂ ಓದುವುದು ಮೇಲು.

ಆದ್ದರಿಂದ ತಮ್ಮ ಮನೆಗೆ ಅಂಥ ಕಾಗದ ಬಂದರೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇವರು ಎಣಿಸುವುದು ರಾತ್ರಿಯನ್ನೋ, ಯಾತ್ರೆಯನ್ನೋ, ಹಣವನ್ನೋ? ಕೊಠಡಿ ಬದಲಾದರೆ ಅಂಕ ಬದಲಾಗುವುದೇ? ಗಳಿಸಿದ್ದು ಎಷ್ಟು ವರ್ಷ ಬಾಳುತ್ತದೆ? ಮುಂದಿನ ಮೆಟ್ಟಿಲಿನಲ್ಲಿ ಸಿಗುವುದನ್ನು ಅಂಗಡಿಯಲ್ಲಿ ಕೊಂಡರೆ ಎಷ್ಟಾದೀತು? ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಹೋಗಬೇಕೆನಿಸಿದರೆ ಸಂತೋಷವಾಗಿ ಹೋಗಿರಿ. ಸಮುದ್ರದ ನಡುವೆ ಸೂರ್ಯೋದಯ ನೋಡುವುದಕ್ಕೆ ವಜ್ರದವನಿಗೆ ಬೇರೆ ಆಕಾಶವಿಲ್ಲ. ಮೊದಲ ಸಲ ಬಂದವನಿಗೂ ಅದೇ ಕೆಂಪು, ಅದೇ ಗಾಳಿ. ಅದಕ್ಕೆ ಅಂಕ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಹಡಗಿನ ಹಾಸಿಗೆಯನ್ನು ಕಂಡವರಲ್ಲ. ಆದರೂ ಅವರ ಮಾತು ಅಲ್ಲಿಗೂ ಸಲ್ಲುತ್ತದೆ.