ಒಂದೇ ತರಗತಿಯಿಂದ ಬಂದ ಎಂಜಿನ್ನು, ಮಂಜುಗಡ್ಡೆ

ಇಂದು ಪದವಿ ಪಡೆದ ಪ್ರೀತಿಯ ಎಂಜಿನಿಯರುಗಳೇ,

ಮಣಿಪಾಲದ ಗುಡ್ಡ ಇಳಿದು ಉಡುಪಿ ದಾಟಿದರೆ ಮಲ್ಪೆ ಬಂದರು. ಅಲ್ಲಿ ಆಳಸಮುದ್ರಕ್ಕೆ ಹೊರಟ ಬೋಟಿನ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಕಡೆ ಡೀಸೆಲ್ ತುಂಬುತ್ತಿರುತ್ತಾರೆ, ಇನ್ನೊಂದು ಕಡೆ ಪುಡಿ ಮಾಡಿದ ಐಸನ್ನು ಬೋಟಿನ ಹೊಟ್ಟೆಗೆ ಸುರಿಯುತ್ತಿರುತ್ತಾರೆ. ದಿನಗಟ್ಟಲೆ ಕಡಲಲ್ಲಿರುವ ಬೋಟಿಗೆ ಎರಡರಲ್ಲಿ ಯಾವುದು ಕಡಿಮೆಯಾದರೂ ಮೀನು ದಡ ಸೇರುವುದಿಲ್ಲ. ಈ ಎರಡರ ನಂಟು ಮಲ್ಪೆಯ ಬೋಟುಗಳಿಗಿಂತ ಬಹಳ ಹಳೆಯದು.

1712ರಲ್ಲಿ ಇಂಗ್ಲೆಂಡಿನ ನ್ಯೂಕಮನ್ ಗಣಿಯ ನೀರೆತ್ತಲು ಉಗಿಯಂತ್ರ ಹೂಡಿದ, ಮುಂದೆ ವಾಟ್ ಅದನ್ನು ತಿದ್ದಿದ. ಯಂತ್ರವೇನೋ ಓಡಿತು. ಆದರೆ ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲು ದಂಡವಾಗುತ್ತಿತ್ತು. ಶಾಖದಿಂದ ಹೆಚ್ಚೆಂದರೆ ಎಷ್ಟು ಕೆಲಸ ತೆಗೆಯಬಹುದು ಎಂದು 1824ರಲ್ಲಿ ಕೇಳಿದವನು ಫ್ರಾನ್ಸಿನ ಸಾದಿ ಕಾರ್ನೊ. ನೀವು ಓದಿದ ಥರ್ಮೊಡೈನಮಿಕ್ಸ್ ಅಲ್ಲಿಂದ ಹೊರಟದ್ದು. ಎಂಜಿನ್ನು ಓಡತೊಡಗಿ ನೂರು ವರ್ಷವಾದ ಮೇಲೆ ಅದರ ಶಾಸ್ತ್ರ ಹುಟ್ಟಿತು. ನಮ್ಮ ಪಠ್ಯಪುಸ್ತಕಗಳು ಇದನ್ನು ತಲೆಕೆಳಗು ಮಾಡಿ ಹೇಳುತ್ತವೆ, ಅದು ನನಗೆ ಬೇಸರದ ಸಂಗತಿ.

ಕಾರ್ನೊನ ಲೆಕ್ಕವನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆ? ಎಂಜಿನ್ನು ಶಾಖ ತಿಂದು ಕೆಲಸ ಕೊಡುತ್ತದೆ. ಕೆಲಸ ಕೊಟ್ಟು ಶಾಖವನ್ನು ಹೊರಗೆ ದೂಡಿದರೆ ತಂಪು ಹುಟ್ಟುತ್ತದೆ. ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಈ ದಾರಿಯಲ್ಲೇ ಅಮೋನಿಯಾದಿಂದ ತಂಪು ಮಾಡುವ ಯಂತ್ರ ಕಟ್ಟಿದ. ಅವನ ತರಗತಿಯಲ್ಲಿ ಕುಳಿತಿದ್ದ ಹುಡುಗ ರುಡಾಲ್ಫ್ ಡೀಸೆಲ್. ಓದು ಮುಗಿಸಿ ಪ್ಯಾರಿಸ್‌ಗೆ ಹೋಗಿ ಗುರುವಿನ ಐಸ್ ಯಂತ್ರಗಳ ಕೆಲಸದಲ್ಲೇ ತೊಡಗಿದ. ಉಗಿಯಂತ್ರ ಹತ್ತರಲ್ಲಿ ಒಂಬತ್ತು ಪಾಲು ಶಾಖ ಹಾಳುಮಾಡುತ್ತದೆ ಎಂಬ ಪಾಠ ಅವನನ್ನು ಬಿಡಲಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ ಕಾಯಿಸಿ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡಿದ. 1897ರಲ್ಲಿ ಅವನ ಎಂಜಿನ್ನು ಶಾಖದ ಶೇ. 26ರಷ್ಟನ್ನು ಕೆಲಸವಾಗಿ ಕೊಟ್ಟಿತು. ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಪಕ್ಕ ಡೀಸೆಲ್ ಬೋಟು ನಿಂತಿರುವುದನ್ನು ಕಂಡಾಗಲೆಲ್ಲ ಆ ಗುರುಶಿಷ್ಯರು ನನಗೆ ನೆನಪಾಗುತ್ತಾರೆ.

ಎಂಜಿನ್ನು ಬಂದ ಮೇಲೆ ನಮ್ಮ ಕಡಲತೀರ ಬದಲಾದ ವೇಗ ಮಾತ್ರ ಭಯಂಕರ. ಅದಕ್ಕೂ ಮುಂಚೆ ರಂಪಣಿ ಇತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ದಡದಲ್ಲಿ ಎರಡೂ ತುದಿ ಹಿಡಿದು ಊರಿಗೆ ಊರೇ ಎಳೆಯುತ್ತಿತ್ತು. ಬಂದ ಬಂಗುಡೆ, ಭೂತಾಯಿಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರೆಯಾಯಿತು, ಈಗ ಉಳಿದಿರುವುದು ಅಲ್ಲಲ್ಲಿ ಕೈರಂಪಣಿ. ಬೋಟಿನ ಎಂಜಿನ್ನಿಗೆ ಜನರೇಟರ್ ಸೇರಿತು, ಜನರೇಟರಿಗೆ ಪ್ರಖರ ಎಲ್‌ಇಡಿ ದೀಪ ಸೇರಿತು. ರಾತ್ರಿ ಬೆಳಕಿಗೆ ಮುತ್ತಿದ ಮರಿಮೀನೂ ಬಲೆಗೆ ಬಿತ್ತು. 2017ರಲ್ಲಿ ಕೇಂದ್ರ ಸರಕಾರ ಬೆಳಕು ಮೀನುಗಾರಿಕೆಯನ್ನು ನಿಷೇಧಿಸಬೇಕಾಯಿತು. ಹೊಸ ಯಂತ್ರ ಬಂದಾಗ ಯಾರ ಪಾಲು ಹೋಯಿತು ಎಂಬ ಲೆಕ್ಕವನ್ನೂ ನೀವು ಇಡಬೇಕು. ನಮ್ಮ ತಲೆಮಾರು ಅದನ್ನು ಇಡಲಿಲ್ಲ.

ಎಂಜಿನ್ನು ದೂರ ಒಯ್ದಿತು, ದನಿ ಅಷ್ಟು ದೂರ ಹೋಗಲಿಲ್ಲ. ಕಾಪುವಿನ ದೀಪಸ್ತಂಭ 1901ರಿಂದ ದಾರಿ ತೋರುತ್ತಿದೆ, ಆದರೆ ಬೋಟು ಅದರ ಬೆಳಕಿನಾಚೆ ಹೋಗಿ ಎಷ್ಟೋ ಕಾಲವಾಯಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಸಂಪರ್ಕ ಕಡಿದುಕೊಂಡಿತು. ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಮನೆಯವರು ಕಾದರು. ಈಗ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ ಒಂದು ಲಕ್ಷ ದೋಣಿ, ಬೋಟುಗಳಿಗೆ ಅಳವಡಿಸುವ ಯೋಜನೆ ನಡೆಯುತ್ತಿದೆ. ಮೊಬೈಲ್ ಸಿಗ್ನಲ್ ಇಲ್ಲದಲ್ಲಿಂದಲೂ ಅಪಾಯದ ಸಂದೇಶವನ್ನು ಉಪಗ್ರಹದ ಮೂಲಕ ದಡಕ್ಕೆ ಕಳಿಸಬಹುದು, ದಡದಿಂದ ಬಿರುಗಾಳಿಯ ಮುನ್ಸೂಚನೆಯನ್ನು ಬೋಟಿಗೆ ತಲುಪಿಸಬಹುದು.

ಇನ್ನು ನಾಡದೋಣಿಗಳು. ಔಟ್‌ಬೋರ್ಡ್ ಎಂಜಿನ್ನಿಗೆ ಸೀಮೆಎಣ್ಣೆ ನಂಬಿದವರು ಸಬ್ಸಿಡಿಯ ದಾರಿ ಕಾಯುತ್ತಾರೆ. ಉಪ್ಪುನೀರಿಗೆ ತುಕ್ಕು ಹಿಡಿಯದ, ಅಲೆಯ ಹೊಡೆತ ತಾಳುವ, ಬಡ ಮೀನುಗಾರನ ಕೈಗೆಟುಕುವ ಬ್ಯಾಟರಿ ಮೋಟರ್ ಅವರಿಗೆ ಬೇಕು. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ರಜೆ, ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಆ ಮಳೆಗಾಲದಲ್ಲೊಮ್ಮೆ ಮಲ್ಪೆಗೆ ಹೋಗಿ, ದೋಣಿಯವರ ಜೊತೆ ಕುಳಿತು ಮಾತಾಡಿ. ಯಾವ ಭಾಗ ಮೊದಲು ಕೆಡುತ್ತದೆ ಎಂಬುದರಿಂದ ಅವರು ಶುರುಮಾಡುತ್ತಾರೆ. ನೀವೂ ಅಲ್ಲಿಂದಲೇ ಶುರುಮಾಡಬಹುದು.